ಕೊಣ್ಣೂರ ಸರ್ ಓದದೆ ಬಿಟ್ಟ ಪುಟಗಳು

ಒಲೆಯ ಮೇಲೆ ಏನಾದರೂ ಇದ್ದರೆ ಇಳಿಸಿಟ್ಟು ಬನ್ನಿ... ಇದನ್ನು ಅವಸರದಲ್ಲಿ ಓದಬೇಡಿ.

ನಾನು ಮೂವತ್ತು ವರ್ಷ ಯೂನಿವರ್ಸಿಟಿ ಲೈಬ್ರರಿಯಲ್ಲಿ ಕೆಲಸ ಮಾಡಿದವಳು.

ನಮ್ಮಲ್ಲಿ ಕೊಣ್ಣೂರ ಸರ್ ಅಂತ ಅರ್ಥಶಾಸ್ತ್ರದ ಪ್ರೊಫೆಸರ್ ಇದ್ದರು. ವಿದ್ಯಾರ್ಥಿಗಳು ಬರೆದದ್ದನ್ನು ಪೆನ್ಸಿಲ್ ಹಿಡಿದೇ ಓದುತ್ತಿದ್ದರು. ಒಪ್ಪಿಗೆಯಾಗದ ಕಡೆ ಪುಟದ ಅಂಚಿನಲ್ಲಿ ಒಂದೇ ಮಾತು... "ಯಾಕೆ?"

ಆ ಮಾತಿಗೆ ಎಲ್ಲರೂ ಹೆದರುತ್ತಿದ್ದರು. ಬೀರವ್ವ ಮಾತ್ರ ಅದಕ್ಕಾಗಿಯೇ ಕಾಯುತ್ತಿದ್ದಳು.

ಕಂಬಳಿ ನೇಯುವವರ ಮಗಳು ಅವಳು. ಮಗ್ಗಗಳು ಯಾಕೆ ನಿಲ್ಲುತ್ತಿವೆ ಎಂಬುದರ ಮೇಲೆ ಸರ್ ಹತ್ತಿರ ಪಿಎಚ್‌.ಡಿ. ಮಾಡುತ್ತಿದ್ದಳು.

ಲೈಬ್ರರಿಯಿಂದ ಹರಿದ ಪುಸ್ತಕ ಕೊಟ್ಟರೆ ಅಂಟಿಸಿ ತರುತ್ತಿದ್ದಳು. ಅಂಟು, ಅವಳಪ್ಪ ನೂಲಿಗೆ ಹಚ್ಚುವ ಹುಣಸೆ ಬೀಜದ ಗಂಜಿ. ಯಾರೂ ಅವಳಿಗೆ ಹಾಗೆ ಮಾಡು ಅಂತ ಹೇಳಿರಲಿಲ್ಲ...

ಪ್ರಬಂಧ ಟೈಪ್ ಆಗಿ ಬಂತು. ಸಲ್ಲಿಸಲು ಗೈಡ್ ಸಹಿ ಒಂದು ಬೇಕಿತ್ತು. ಅದೇ ವಾರ ಸರ್‌ಗೆ ಲೋಕಸಭೆಯ ಟಿಕೆಟ್ ಸಿಕ್ಕಿತು.

"ಓದದ ಸಹಿ ಮಾಡೂದಿಲ್ಲವಾ ನಾ. ಎಲೆಕ್ಷನ್ ಮುಗೀಲಿ, ಕುಂತು ಓದತೀನಿ," ಎಂದು ಪ್ರಬಂಧದ ಕಟ್ಟನ್ನು ಚೀಲಕ್ಕೆ ಹಾಕಿಕೊಂಡರು.

ಗೆದ್ದರು. ದೆಹಲಿಗೆ ಹೋದರು. ಮಂತ್ರಿಯಾದರು... ಮುಂದೆ ಪಕ್ಷದ ರಾಷ್ಟ್ರೀಯ ನಾಯಕರೇ ಆದರು.

ಬೀರವ್ವ ಪ್ರತಿ ಶನಿವಾರ ಬಂದು ಕೇಳುವಳು. "ಸರ್ ಬಂದಿದ್ರೇನ್ರಿ ಅಕ್ಕಾರ?"

"ಮುಂದಿನ ವಾರ ಬರ್ತಾರಂತವಾ," ಎನ್ನುತ್ತಿದ್ದೆ. ನನಗೇನೂ ಗೊತ್ತಿರಲಿಲ್ಲ. ಅವಳ ಮುಖ ನೋಡಲಾರದೆ ಹೇಳಿದ ಸುಳ್ಳು.

ಪತ್ರ ಬರೆದಳು... "ಪರಿಶೀಲನೆಯಲ್ಲಿದೆ" ಎಂದು ಪಿ.ಎ. ಕಡೆಯಿಂದ ಉತ್ತರ ಬಂತು. ಗೈಡ್ ಬದಲಿಸಿಕೋ ಎಂದು ಆಫೀಸಿನವರು ಹೇಳಿದರು.

"ಸರ್ ಓದತೀನಿ ಅಂದಾರ್ರಿ," ಎಂದಳು. ಅಷ್ಟೇ.

ಒಂದು ದಿನ ರಿಜಿಸ್ಟ್ರೇಷನ್ ಅವಧಿಯೇ ಮುಗಿಯಿತು. ಎಲ್ಲ ಪುಸ್ತಕ ವಾಪಸ್ ಕೊಟ್ಟು ಹೋದಳು. ಅವತ್ತು ಸರ್ ಬಂದರಾ ಅಂತ ಕೇಳಲಿಲ್ಲ.

ಮೂವತ್ತನಾಲ್ಕು ವರ್ಷ ಕಳೆದವು...

ಕಳೆದ ಚಳಿಗಾಲದಲ್ಲಿ ಒಂದು ಬೆಳಿಗ್ಗೆ ನಮ್ಮ ಮನೆ ಮುಂದೆ ಕಾರು ನಿಂತಿತು. ಕೋಲೂರಿಕೊಂಡು ಇಳಿದವರು ಕೊಣ್ಣೂರ ಸರ್. ಮರುದಿನ ನಮ್ಮ ಯೂನಿವರ್ಸಿಟಿಯಲ್ಲಿ ಅವರಿಗೆ ಗೌರವ ಡಾಕ್ಟರೇಟ್ ಇತ್ತು.

"ಗುರುತ ಹತ್ತಿತೇನ್ರಿ ಇಂದೂಬಾಯಿ?"

"ದಿನಾ ಟಿವಿಯೊಳಗ ಬರೋ ಮಾರಿ, ಗುರುತ ಹತ್ತದೇನ್ರಿ? ಖರೆ ಟಿವಿಯೊಳಗ ಇಷ್ಟು ಸೊರಗಿರಲಿಲ್ಲ ಬಿಡ್ರಿ."

ಅವರು ನಗಲಿಲ್ಲ. ಕಂಕುಳಲ್ಲಿ ಹಳದಿಗಟ್ಟಿದ ಒಂದು ಕಟ್ಟಿತ್ತು... ಬೀರವ್ವನ ಪ್ರಬಂಧ.

"ಫೈಲಿಗೆ ಸಹಿ ಹಾಕೂಮುಂದ ಆ ಹುಡುಗಿ ಬಾಗಲದಾಗ ನಿಂತಿರತಾಳ್ರಿ. ಒಳಗ ಬಾ ಅಂದ್ರ ಬರೂದಿಲ್ಲ. ಮೂರು ಮನಿ ಬದಲಿ ಮಾಡಿದೆ... ಆಕೀನೂ ಬಂದ್ಲು."

ಅದೇ ಕಾರಿನಲ್ಲಿ ಇಬ್ಬರೂ ಬೀರವ್ವನ ಊರಿಗೆ ಹೊರಟೆವು. ಎರಡು ತಾಸಿನ ದಾರಿ. ಬೀರವ್ವ ಆಗಷ್ಟೇ ಮಾಸ್ತರಿಕೆಯಿಂದ ರಿಟೈರ್ ಆಗಿದ್ದಳು. ತಲೆ ಪೂರ್ತಿ ಬೆಳ್ಳಗಾಗಿತ್ತು. ಪಡಸಾಲೆಯಲ್ಲಿ ಅಪ್ಪ ಕಾಲಿಳಿಬಿಟ್ಟು ನೇಯುತ್ತಿದ್ದ ಮಗ್ಗದ ಕುಣಿ ಇದ್ದ ಜಾಗಕ್ಕೆ ಸಿಮೆಂಟ್ ಬಳಿದಿದ್ದರು... ಗುರುತು ಮಾತ್ರ ಕಾಣುತ್ತಿತ್ತು.

ಮೊದಲು ನೀರು ಕೊಟ್ಟಳು. ಆಮೇಲೆ ಟ್ರಂಕಿನಿಂದ ಒಂದು ಕರಿ ಕಂಬಳಿ ತೆಗೆದು ಮಂಚದ ಮೇಲೆ ಹಾಸಿ, "ಕುಂದರ್ರಿ ಸರ್," ಎಂದಳು.

ಸರ್ ಜೇಬಿನಿಂದ ಪೆನ್ನು ತೆಗೆದರು. "ಸಹಿ ಮಾಡತೀನವಾ. ಕುಲಪತಿಗಳಿಗೂ ಹೇಳತೀನಿ, ಏನರ ದಾರಿ..."

"ಓದಿದ್ರೇನ್ರಿ ಸರ್?"

ಸರ್ ಕಟ್ಟಿನ ದಾರವನ್ನು ಬೆರಳಲ್ಲಿ ಸವರಿದರು.

"ಇಲ್ಲವಾ. ಬಿಚ್ಚಾಕ ಅಂಜಿಕಿ ಬರ್ತಿತ್ತು."

"ಓದದ ಸಹಿ ಮಾಡೂದಿಲ್ಲ ಅಂದಿದ್ರಿ." ಪೆನ್ನು ಪಕ್ಕಕ್ಕೆ ಸರಿಸಿ ಅವರ ಕೈಗೆ ಪೆನ್ಸಿಲ್ ಕೊಟ್ಟಳು. "ಓದ್ರಿ. ನಾ ಚಾ ಇಡತೀನಿ."

ಅವರು ಓದಿದರು. ಚಹಾ ಆರಿತು... ಇನ್ನೊಂದು ಬಂತು, ಅದೂ ಆರಿತು. ಅಲ್ಲಲ್ಲಿ "ಯಾಕೆ?" ಎಂದು ಬರೆದರು. ಬೀರವ್ವ ದೂರದಿಂದಲೇ ಪೆನ್ಸಿಲ್ಲನ್ನು ನೋಡುತ್ತಿದ್ದಳು.

ಐದನೇ ಅಧ್ಯಾಯದಲ್ಲಿ ಪೆನ್ಸಿಲ್ ನಿಂತಿತು.

ಅಲ್ಲಿ ಹೀಗಿತ್ತು: "ಹಾಸ್ಟೆಲ್‌ಗಳಿಗೆ ಸರ್ಕಾರ ಗಿರಣಿಯ ಕಂಬಳಿಯನ್ನೇ ಕೊಳ್ಳತೊಡಗಿದರೆ, ಹತ್ತು ವರ್ಷದೊಳಗೆ ಈ ಊರುಗಳಲ್ಲಿ ಒಂದು ಮಗ್ಗವೂ ಉಳಿಯದು."

"ಆ ಆದೇಶ..." ಸರ್ ಆ ಸಾಲಿನ ಮೇಲೆ ಬೆರಳಿಟ್ಟರು. "ನಾ ಮಂತ್ರಿ ಇದ್ದಾಗ, ನಾನ ಸಹಿ ಮಾಡಿದ್ದವಾ ಅದು. ಅವತ್ತು ನಲವತ್ತು ಫೈಲ್ ಇದ್ವು. ಓದಲಿಲ್ಲ."

"ಗೊತ್ತೈತ್ರಿ. ಪೇಪರಿನ್ಯಾಗ ನಿಮ್ಮ ಫೋಟೋ ಬಂದಿತ್ತು."

"ನಿಮ್ಮಪ್ಪ?"

"ಆದೇಶ ಬಂದು ಎಂಟು ವರ್ಷಕ್ಕ ಮಗ್ಗ ನಿಂತಿತ್ರಿ. ಆಮ್ಯಾಲೆ ಅಪ್ಪ ಭಾಳ ದಿನ ಉಳೀಲಿಲ್ಲ. ನೀವು ಕುಂತದ್ದು ಅವ ನೇಯ್ದ ಕಡೀ ಕಂಬಳಿ ಸರ್."

ಸರ್ ಗಡಬಡಿಸಿ ಏಳಲು ಹೋದರು. ಬೀರವ್ವ ಭುಜ ಹಿಡಿದು ಕೂರಿಸಿದಳು.

"ಏಳಬ್ಯಾಡ್ರಿ. ಅಪ್ಪ ಇದ್ದಿದ್ರೂ ಮಗಳ ಮಾಸ್ತರ್‌ಗೆ ಇದನ್ನ ಹಾಸತಿದ್ದ."

ಸರ್ ಅಂಚಿನಲ್ಲಿ ಏನೋ ಬರೆದರು. ಈ ಸಲ "ಯಾಕೆ?" ಅಲ್ಲ...

"ನೀ ಹೇಳಿದ್ದೇ ಸರಿ."

ಬೀರವ್ವ ಆ ಅಕ್ಷರಗಳ ಮೇಲೆ ಬೆರಳಾಡಿಸಿದಳು. ಅಲ್ಲಿಯವರೆಗೆ ತಡೆದಿದ್ದವಳು ಆಗ ಅತ್ತಳು. ನಾನೂ ಅತ್ತೆ... ಎಷ್ಟೋ ಶನಿವಾರ ನಾನು ಹೇಳಿದ ಸುಳ್ಳುಗಳಿಗೆ.

ಸಹಿಯನ್ನು ಅವಳೂ ಕೇಳಲಿಲ್ಲ, ಅವರೂ ಮಾಡಲಿಲ್ಲ.

ವಾಪಸ್ ಬರುವಾಗ ಸರ್ ಕುಲಪತಿಗಳಿಗೆ ಫೋನ್ ಮಾಡಿ, "ಆ ಡಾಕ್ಟರೇಟ್ ನನಗ ಬ್ಯಾಡ್ರಿ," ಎಂದರು. ಕಾರಣ ಹೇಳಲಿಲ್ಲ.

ಆಮೇಲೆ ನಾನು ಕೇಳಿದೆ. "ಇನ್ನ ಬಾಗಲದಾಗ ಆಕಿ ಕಾಣಸೂದಿಲ್ಲ ಅಲ್ರಿ ಸರ್?"

ಅವರು ಕಿಟಕಿಯ ಹೊರಗೆ ನೋಡುತ್ತಲೇ ಹೇಳಿದರು.

"ಆಕಿ ಹೋದ್ಲು ಇಂದೂಬಾಯಿ... ಈಗ ಬಾಗಲದಾಗ ಆಕಿ ಅಪ್ಪ ನಿಂತಾನ. ಹೆಗಲ ಮ್ಯಾಲೆ ಕಂಬಳಿ ಐತಿ."

.

*ಕಾದವರು ಒಂದು ದಿನ ಕಾಯುವುದನ್ನು ಬಿಟ್ಟು ಬದುಕಿಬಿಡುತ್ತಾರೆ... ಕಾಯಿಸಿದವರಿಗೆ ಬಿಡುಗಡೆ ಅಷ್ಟು ಸುಲಭವಲ್ಲ.*

ನೀವು "ಆಮೇಲೆ ಓದತೀನಿ" ಅಂತ ಎತ್ತಿಟ್ಟ ಕಾಗದದಲ್ಲಿ ಯಾರ ಬದುಕಿದೆ... ಇವತ್ತು ಒಮ್ಮೆ ಬಿಚ್ಚಿ ನೋಡುವಿರಾ?