ಬಣ್ಣ ಹಿಡಿಯದ ಜಾಗ

ಚಳಿ ಬಿಟ್ಟು ಬಿಸಿಲು ಬಲಿಯುತ್ತಿದ್ದ ಕಾಲ. ಸೋಮವಾರ, ಬೆಳಗಿನ ಹತ್ತು ಗಂಟೆ. ಚಿತ್ರಗಳಿಗೆ ಕಟ್ಟು ಹಾಕುವ ಮುದುಕನ ಅಂಗಡಿಗೆ ಬಂದ ಹುಡುಗಿ, ತಾನು ಬರೆದ ಹನ್ನೊಂದು ಜಲವರ್ಣದ ಹಾಳೆಗಳನ್ನು ಮೇಜಿನ ಮೇಲೆ ಹರವಿದಳು. ಮರವಿಲ್ಲ, ಮನೆಯಿಲ್ಲ, ಮುಖವಿಲ್ಲ. ನೀಲಿಯೊಳಗೆ ಕಂದು ಹರಿದು, ಕಂದಿನೊಳಗೆ ಹಸಿರು ಇಳಿದು ಎಲ್ಲ ಕಲಸಿಹೋಗಿತ್ತು.

"ಕೊಕ್ಕೆ ಯಾವ ಕಡೆ ಹೊಡೀಲಿ ತಾಯಿ? ಇದರ ತಲೆ ಯಾವುದು, ಕಾಲು ಯಾವುದು?"

"ಹಿಂದೆ ತಾರೀಕು ಬರ್ದಿದ್ದೀನಿ ಅಜ್ಜ. ತಾರೀಕು ನೆಟ್ಟಗಿದ್ರೆ ಚಿತ್ರಾನೂ ನೆಟ್ಟಗೆ. ಗುರುವಾರ ಕೊಡ್ಲೇಬೇಕು. ನನ್ನ ಮೊದಲನೇ ಪ್ರದರ್ಶನ. ಹನ್ನೆರಡು ಇಲ್ದಿದ್ರೆ ಬರಲೇಬೇಡ ಅಂದಿದ್ದಾರೆ. ಇನ್ನೊಂದು ಬರೀಬೇಕು."

ಮಧ್ಯಾಹ್ನ ಮುದುಕ ಅವನ್ನು ತಾರೀಕಿನ ಪ್ರಕಾರ ಗೋಡೆಗೆ ಒರಗಿಸಿ ಕೂತ. ಪ್ರತಿ ಹಾಳೆಯಲ್ಲೂ ಬಣ್ಣ ತಾಗದ ಒಂದು ಬಿಳಿ ಜಾಗವಿತ್ತು. ಮೊದಲನೆಯದರಲ್ಲಿ ದೂರದ ಮೂಲೆಯಲ್ಲಿ, ಕಡಲೆಕಾಳಿನಷ್ಟು. ನಾಲ್ಕನೆಯದರಲ್ಲಿ ಹೆಬ್ಬೆರಳಿನಷ್ಟು. ಏಳನೆಯದರಲ್ಲಿ ಅದಕ್ಕೆ ಹೆಗಲು ಬಂದಿತ್ತು. ಹನ್ನೊಂದನೆಯದರಲ್ಲಿ ಅರ್ಧ ಹಾಳೆಯನ್ನೇ ತುಂಬಿ ನಿಂತಿತ್ತು. ನಲವತ್ತು ವರ್ಷ ಸತ್ತವರ ಫೋಟೋಗಳಿಗೆ ಕಟ್ಟು ಹಾಕಿದ ಕಣ್ಣು ಅವನದು. ಸುಮ್ಮನೆ ನಿಂತವರು ಯಾರು, ನಡೆದು ಬರುತ್ತಿರುವವರು ಯಾರು ಎಂದು ಅದಕ್ಕೆ ಗೊತ್ತಾಗುತ್ತಿತ್ತು.

ಮರುದಿನ ಕಟ್ಟಿನ ಮರ ಆರಿಸಲು ಬಂದವಳನ್ನು ಕೇಳಿದ: "ಈ ಬಿಳೀ ಜಾಗ ನೀನೇ ಬಿಟ್ಟಿದ್ದಾ?"

ಹುಡುಗಿ ತಲೆ ತಗ್ಗಿಸಿದಳು. "ಇಲ್ಲ ಅಜ್ಜ. ಅಲ್ಲಿ ಬಣ್ಣ ಹಿಡಿಯೋದೇ ಇಲ್ಲ. ನೀರು ಬಿಟ್ರೆ ಪಕ್ಕಕ್ಕೆ ಸರಿಯುತ್ತೆ. ಕಾಗದ ಬದಲಾಯಿಸಿದೆ, ಕುಂಚ ಬದಲಾಯಿಸಿದೆ. ಏನೂ ಆಗ್ಲಿಲ್ಲ."

"ಹಾಗಾದ್ರೆ ಹನ್ನೆರಡನೇದು ಬರೀಬೇಡ ಮಗಳೇ."

"ಬರೀದಿದ್ರೆ ಪ್ರದರ್ಶನ ಹೋಯ್ತು. ಮೂರು ವರ್ಷ ಕಾದಿದ್ದೀನಿ ಇದಕ್ಕೆ," ಎಂದು ಮರದ ತುಂಡನ್ನು ಕೆಳಗಿಟ್ಟು ಹೋದಳು.

ಮುದುಕ ಹನ್ನೊಂದನೆಯ ಚಿತ್ರದ ಮುಂದೆ ಸ್ಟೂಲು ಎಳೆದುಕೊಂಡ. ಮನಸ್ತಾಪ ಮಾಡಿಕೊಂಡು ಬಂದ ನೆಂಟನಿಗೆ ಹೇಳುವಂತೆ, ತಗ್ಗಿದ ದನಿಯಲ್ಲಿ ಹೇಳಿದ: "ಆ ಹುಡುಗಿ ಇನ್ನೂ ಎಳೇ ಜೀವ. ಅವಳನ್ನ ಬಿಟ್ಬಿಡು. ಎಲ್ಲಾದ್ರೂ ಬರಲೇಬೇಕು ಅಂತಿದ್ರೆ ಇಲ್ಲಿಗೆ ಬಾ."

ಒಳಗೆ ರಟ್ಟು ಕತ್ತರಿಸುತ್ತಿದ್ದ ಹೆಂಡತಿ ಕತ್ತು ಚಾಚಿದಳು. "ಯಾರನ್ನ್ರೀ ಕರೀತಿದ್ದೀರಿ? ಇರೋ ಇಬ್ಬರಿಗೇ ಕಾಲು ಚಾಚೋಕೆ ಜಾಗ ಇಲ್ಲ!"

ಗುರುವಾರ ಬೆಳಿಗ್ಗೆ ಹುಡುಗಿ ಏದುಸಿರು ಬಿಡುತ್ತ ಓಡಿಬಂದಳು. "ಹಿಡೀತು ಅಜ್ಜ! ಬಣ್ಣ ಹಿಡೀತು!" ಹನ್ನೆರಡನೆಯ ಹಾಳೆ ಅಂಚಿನಿಂದ ಅಂಚಿಗೆ ನೀಲಿಯಾಗಿತ್ತು, ಎಳ್ಳಷ್ಟೂ ಬಿಳಿ ಇರಲಿಲ್ಲ. ಮುದುಕ ಅದನ್ನು ಬಹಳ ಹೊತ್ತು ನೋಡಿದ. ಗಾಜು ಕೂರಿಸಿ, ಕೊಕ್ಕೆ ಹೊಡೆದು, ಹನ್ನೆರಡನ್ನೂ ತಾನೇ ಗಾಡಿಗೆ ಏರಿಸಿಕೊಟ್ಟ. ಹುಡುಗಿ ತಿರುವಿನವರೆಗೂ ಕೈ ಬೀಸುತ್ತ ಹೋದಳು.

ಹೆಂಡತಿ ಮರದ ಹೊಟ್ಟು ಗುಡಿಸಿ ನೆಲ ಒರೆಸಲು ಕೂತಳು. ನೆಲವೆಲ್ಲ ಒದ್ದೆಯಾಯಿತು. ಬಾಗಿಲ ಪಕ್ಕದ ಮೂಲೆಯಲ್ಲಿ ಒಂದು ಕಡೆ ಮಾತ್ರ ನೀರು ಸುತ್ತಿಕೊಂಡು ಪಕ್ಕಕ್ಕೆ ಸರಿಯಿತು. ಬಟ್ಟೆ ಒತ್ತಿದಳು, ಮತ್ತೆ ಒತ್ತಿದಳು. "ರೀ, ಬನ್ನಿ ಇಲ್ಲಿ. ಕಡಲೆಕಾಳಿನಷ್ಟು ಜಾಗ, ನೀರೇ ಹಿಡೀತಿಲ್ವಲ್ರೀ!"

ಮುದುಕ ಸ್ಟೂಲಿನಿಂದ ಏಳಲಿಲ್ಲ. "ಇರಲಿ ಬಿಡೇ," ಎಂದ. "ಇನ್ನೂ ದೂರ ಇದೆ."

ಆ ಗುರುವಾರ ಅಂಗಡಿಯಿಂದ ಹೊರಟವಳು ಹುಡುಗಿ ಒಬ್ಬಳೇ; ಅವಳತ್ತ ನಡೆದು ಬರುತ್ತಿದ್ದದ್ದು ಇಲ್ಲೇ ಉಳಿದಿತ್ತು.