ಹಳೇ ನಕ್ಷೆಯ ಕಪ್ಪು

ಸೀಮೆಯ ಕುರಿಗಳೆಲ್ಲ ಬಿಳಿಯಾಗಿ ಮೂವತ್ತು ವರ್ಷವಾಗಿತ್ತು. ಕಳೆದುಹೋದ ಬಣ್ಣ ಬೇಕಾದವರು ತಾಲ್ಲೂಕಿನ ವಂಶವಾಹಿ ಕಚೇರಿಗೆ ಬಂದು, ಕುರಿಯ ವಂಶವಾಹಿ ನಕ್ಷೆಯಲ್ಲಿ ಆ ಬಣ್ಣವಿರುವ ವಿಳಾಸ ಕೊಟ್ಟು, ಮರಿಗೆ ಅರ್ಜಿ ಹಾಕುತ್ತಿದ್ದರು. ಮೂರು ಸಲ ಹುಡುಕಿಯೂ ಸಿಗದಿದ್ದರೆ ಅರ್ಜಿ ವಜಾ.

ಕುರಿಹಟ್ಟಿಯ ಮುದುಕಿ ಚಿಕ್ಕೀರಮ್ಮನಿಗೆ ಇದು ಮೂರನೇ ಸಲ. ಕೊನೆಯ ಕರಿ ಟಗರು ಸತ್ತಾಗ ಗಂಡ ಬರೆಸಿಟ್ಟಿದ್ದ ಚೀಟಿಯನ್ನು ಕಚೇರಿಯ ಗುಮಾಸ್ತೆ ಸುನೇತ್ರಾಳ ಮುಂದಿಟ್ಟಳು. ಹದಿನಾಲ್ಕನೇ ವರ್ಣತಂತು, ಅದರ ಮುಂದೊಂದು ಉದ್ದನೆಯ ಅಂಕಿ.

“ಮೊಮ್ಮಗನ್ನ ಮದ್ವೇಲಿ ಕರಿ ಕಂಬ್ಳಿ ಗದ್ದಿಗೆ ಮೇಲೆ ಕೂರಿಸ್ಬೇಕು ಕಣವ್ವ. ಬಣ್ಣ ಬಳ್ದಿದ್ದು ಹಾಸಿದ್ರೆ ದ್ಯಾವ್ರು ನಗಲ್ವಾ?”

ಸುನೇತ್ರಾ ಅಂಕಿ ಒತ್ತಿದಳು. ಪರದೆಯ ಮೇಲೆ ಬರೀ ಬಯಲು. ಪಕ್ಕದ ಮೇಜಿನ ಗಂಗಣ್ಣ ವಜಾ ಮುದ್ರೆ ಎತ್ತಿಕೊಂಡ. “ಚೀಟಿನೇ ಸುಳ್ಳು. ಅಜ್ಜೀನ ಕಳ್ಸಮ್ಮ.”

ನಾಲ್ಕು ಜನರ ಮುಂದೆ ಬಾಯಿಬಿಡಲು ಅಂಜುವ ಹುಡುಗಿ ಸುನೇತ್ರಾ. ನಕ್ಷೆಯ ಮುಂದೆ ಕೂತರೆ ಮಾತ್ರ ಯಾವ ಅಂಜಿಕೆಯೂ ಇಲ್ಲ. ಚೀಟಿಯ ಮೂಲೆಯಲ್ಲಿದ್ದ ವರ್ಷ ನೋಡಿದಳು.

“ಸುಳ್ಳಲ್ಲ ಸಾರ್. ಮರುಸರ್ವೆ ಆದ್ಮೇಲೆ ಹೊಲದ ನಂಬರ್ ಬದಲಾಗಲ್ವಾ, ಹಂಗೆ. ಇದು ಹಳೇ ನಕ್ಷೆ ನಂಬರು.”

ಹಳೇ ನಕ್ಷೆ ತೆರೆದು ಅದೇ ಅಂಕಿ ಹಾಕಿ, ಹಿಗ್ಗಿಸುತ್ತ ಹಿಗ್ಗಿಸುತ್ತ ಒಳಗಿಳಿದಳು. ಟಗರಿನ ಕಪ್ಪು ಇಟ್ಟಲ್ಲೇ ಇತ್ತು.

ಗಂಗಣ್ಣ ಮಂಜೂರಾತಿ ಮುದ್ರೆಗೆ ತಡಕಾಡಿದ. ಚಿಕ್ಕೀರಮ್ಮ ಹೆಗಲಿನಿಂದ ಸವೆದ ಕರಿ ಕಂಬಳಿ ತೆಗೆದು ನಾಲ್ಕು ಮಡಿಕೆ ಮಾಡಿದಳು.

“ಎದ್ದೇಳವ್ವ ಒಂದ್ ಗಳಿಗೆ,” ಎಂದು ಕುರ್ಚಿಯ ಮೇಲೆ ಹಾಸಿದಳು. “ಹ್ಞೂಂ, ಈಗ ಕೂತ್ಕೋ.”

ಸುನೇತ್ರಾ ಬೇಡವೆನ್ನಲಿಲ್ಲ. ಗದ್ದಿಗೆಯ ಮೇಲೆ ಕೂತು, ಹೊರಗಿನ ಜಗಲಿಗೂ ಕೇಳುವಂತೆ ಮುಂದಿನ ಟೋಕನ್ ಕೂಗಿದಳು.