ಠಾಣೆಗೆ ಸುದ್ದಿ ಕೊಟ್ಟವರು

ನಟರಾಜ ಬಾಗಿಲು ಹಾಕಿ ಅಗಳಿ ಜಡಿದ. ದವಸದ ಮಂಡಿಯೊಳಗೆ ಹಗಲಲ್ಲೇ ಕತ್ತಲಾಯಿತು.

"ಈಗ ಬಾಯ್ಬುಡು, ಹೊನ್ನಕ್ಕ. ಪೊಲೀಸ್ರಿಗೆ ಸುದ್ದಿ ಕೊಟ್ಟೋರ್ ಯಾರು?"

ಹೊಳೆನರಸೀಪುರದಲ್ಲಿ ಚಲೇಜಾವ್ ಚಳವಳಿ ಕಾವೇರಿದಾಗಿನಿಂದ ಇವರ ಕೆಲಸ ಒಂದೇ: ಬ್ರಿಟಿಷರ ಸೈನ್ಯಕ್ಕೆ ರಾಗಿ ಸಾಗಿಸುವ ಲಾರಿಗಳ ಮುಂದೆ ಹಾಸನದ ರಸ್ತೆಯಲ್ಲಿ ಸುಮ್ಮನೆ ಕೂರುವುದು. ಎಲ್ಲಿ ಕೂರಬೇಕೆಂದು ಈ ಮಂಡಿಯಲ್ಲೇ ತೀರ್ಮಾನವಾಗುತ್ತಿತ್ತು. ಇವರು ಹೋಗುವ ಮೊದಲೇ ಅಲ್ಲಿ ಪೊಲೀಸರು ಲಾಠಿ ಹಿಡಿದು ನಿಂತಿರುತ್ತಿದ್ದರು. ಪ್ರತಿ ಸಲವೂ. ನಾಳೆ ಹೊಳೆ ಸೇತುವೆಯ ಹತ್ತಿರ ಕೂರುವುದೆಂದು ನಿಶ್ಚಯವಾಗಿತ್ತು.

ಹೊನ್ನಕ್ಕನ ತಮ್ಮ ಪೊಲೀಸ್ ಪೇದೆ. ನಟರಾಜನಿಗೆ ಅಷ್ಟು ಸಾಕಿತ್ತು.

"ನಾನಲ್ಲ ಕಣಣ್ಣ." ಅವಳ ಬಲಗೈ ಕೊರಳಿಗೆ ಕಟ್ಟಿದ ಬಟ್ಟೆಯಲ್ಲಿ ತೂಗುತ್ತಿತ್ತು. "ನನ್ ಕೈನೂ ಮುರ್ದವ್ರೆ, ನೋಡು."

"ನಾವ್ ನಂಬ್ಲಿ ಅಂತ ಮುರಿಸ್ಕೊಂಡಿದ್ದೀಯ."

ಮೂಲೆಯಲ್ಲಿ ಕೂತಿದ್ದ ಮುದುಕ ದ್ಯಾವಯ್ಯ ಕೆಮ್ಮಿದ. "ಅಯ್ನೋರು ಬರ್ಲಿ ಇರ್ಲಾ. ಅವ್ರ ಮುಂದ್ಲೇ ಕೇಳುವಂತೆ."

ಅಯ್ಯನವರೆಂದರೆ ಅನಂತರಾಜಯ್ಯ. ಮಂಡಿ ಅವರದು, ಚಳವಳಿಗೆ ಮುಂದಾಳೂ ಅವರೇ. ಮುಖ ಮುಚ್ಚಿಕೊಂಡು ಹೋಗೋಣವೆಂದರೆ ಒಪ್ಪುತ್ತಿರಲಿಲ್ಲ. ಬಾಗಿಲು ಹಾಕಿ ಮಾತಾಡಿದರೂ ಸಿಡುಕುತ್ತಿದ್ದರು. ಅಂಥ ಭೋಳೆ ಮನುಷ್ಯನಿಗೆ ಇವಳು ದ್ರೋಹ ಬಗೆದಳಲ್ಲ ಎಂದು ನಟರಾಜನ ಮೈ ಉರಿಯಿತು.

"ನಿನ್ ತಮ್ಮನ್ ಕಿವೀಲಿ ಏನೇನ್ ಊದಿದ್ದೀಯ?"

"ನಾನ್ ಈ ಚಳವಳಿಗ್ ಬಂದ್ಮೇಲೆ ಅವನ್ ಮೊಕಾನೇ ನೋಡಿಲ್ಲ. ನೀನ್ ನಂಬೋದಾದ್ರೆ ನಂಬು."

ಅಹಿಂಸೆಯ ಪ್ರತಿಜ್ಞೆ ಮಾಡಿದ್ದ ನಟರಾಜ ಅವಳ ಕೆನ್ನೆಗೆ ಬಾರಿಸಿದ.

ಹೊನ್ನಕ್ಕ ಗೋಡೆಗೆ ಒರಗಿದಳು. ಅಳಲಿಲ್ಲ. ಅವನನ್ನೇ ನೋಡುತ್ತ ನಿಂತಳು. ದ್ಯಾವಯ್ಯ ತಲೆ ತಗ್ಗಿಸಿದ. ಬಿಡಿಸಲು ಏಳಲಿಲ್ಲ.

"ಊರ್ ಬುಟ್ಟು ಓಗು," ಎಂದ ನಟರಾಜ. "ಇಲ್ದಿದ್ರೆ ನಾಳೆಯಿಂದ ನಿಂಗೆ ಯಾರೂ ನೀರೂ ಕೊಡದಂಗ್ ಮಾಡ್ತೀನಿ."

ಯಾರೋ ಬಾಗಿಲು ತಟ್ಟಿದರು. ದ್ಯಾವಯ್ಯ ಎದ್ದು ಅಗಳಿ ಸರಿಸಿದ. ಅನಂತರಾಜಯ್ಯ ಬೆವರೊರೆಸಿಕೊಳ್ಳುತ್ತ ಒಳಗೆ ಬಂದರು. ಬಿಸಿಲಿನಿಂದ ಬಂದ ಅವರ ಕಣ್ಣಿಗೆ ಹೊನ್ನಕ್ಕನ ಕೆನ್ನೆ ಕಾಣಲಿಲ್ಲ.

"ತಡವಾಯ್ತು, ಬೇಜಾರ್ ಮಾಡ್ಕೋಬೇಡಿ," ಎಂದರು. "ನಾಳೆ ಸೇತುವೆ ಹತ್ರ ಕೂರ್ತೀವಿ ಅಂತ ಠಾಣೆಗೆ ಹೇಳಿ ಬಂದೆ, ಪ್ರತಿ ಸಲದ ಹಾಗೆ. ಸತ್ಯಾಗ್ರಹ ಅಂದ್ಮೇಲೆ ಕದ್ದು ಮಾಡೋಕಾಗುತ್ತಾ?"